ಹಗ್ಗ ಬಿಗಿ ಮಾಡಿದವನು

ಬೆಳಗಿನ ಹತ್ತು ಗಂಟೆಗೆ, ಬಂದರಿನ ಫೆರಿಗಳು ಓಡಾಡುವ ನಡುದಾರಿಯಲ್ಲಿ ಲಂಗರು ಹಾಕುವ ಧೈರ್ಯ ಇಬ್ಬರಿಗೆ ಮಾತ್ರ ಇರುತ್ತದೆ. ಒಬ್ಬ ಹುಚ್ಚ, ಇನ್ನೊಬ್ಬ ಏನೂ ತಿಳಿಯದವನು. ಆ ದಿನ ಬಂದವನು ಇಬ್ಬರಲ್ಲಿ ಯಾರು ಎಂದು ಯೋಚಿಸುವಷ್ಟು ತಾಳ್ಮೆ ಸಿಡುಕಿಗೆ ಇರಲಿಲ್ಲ.

ಸಿಡುಕಿ ಎಂದರೆ ಆ ಬಂದರಿಗೆ ಹೊರಗಿನಿಂದ ಬರುವ ಹಾಯಿದೋಣಿಗಳನ್ನೆಲ್ಲ ಕಟ್ಟಿಹಾಕುವವಳು. ಹನ್ನೆರಡು ವರ್ಷದಿಂದ ಅದೇ ಕೆಲಸ. ಪುಟ್ಟ ಲಾಂಚಿನಲ್ಲಿ ಎದುರು ಹೋಗಿ, ಬಂದವರನ್ನು ಹೊರಗಿನ ದೋಣಿಗಳು ನಿಲ್ಲುವ ಅತಿಥಿಗಳ ಗೋಡೆಯವರೆಗೆ ಕರೆತಂದು, ಹಗ್ಗ ಹಿಡಿದು ಕಟ್ಟಿ ಬರುವುದು. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಸಿಡುಕಿ. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ಅವಳ ತಕರಾರಿರಲಿಲ್ಲ.

ಎರಡು ಫೆರಿಗಳು ದಾರಿ ಬಿಡು ಎಂದು ಹಾರ್ನ್ ಹೊಡೆಯುತ್ತಿದ್ದವು. ಅವುಗಳಿಗೆ ಅಡ್ಡವಾಗಿ ನಿಂತಿದ್ದ ಬಿಳಿ ಹಾಯಿದೋಣಿಯ ಮೇಲೆ ಒಬ್ಬನೇ ಒಬ್ಬ, ಕೈಯಲ್ಲಿ ಕಾಫಿ ಲೋಟ ಹಿಡಿದು, ತನಗಾಗಿಯೇ ವಾದ್ಯ ನುಡಿಸುತ್ತಿದ್ದಾರೆ ಎಂಬಂತೆ ಕೇಳುತ್ತಾ ಕೂತಿದ್ದ. ಸಿಡುಕಿ ಲಾಂಚನ್ನು ಅವನ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಇಲ್ಲಿ ಲಂಗರು ಹಾಕಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ," ಎಂದ ಅವನು. "ಬೇಡ ಅಂತಲೂ ಯಾರೂ ಹೇಳಲಿಲ್ಲ."

"ನಡುರಸ್ತೆಯಲ್ಲಿ ಮಂಚ ಹಾಕ್ಕೊಂಡು ಮಲಗ್ತೀರಾ ನೀವು?"

"ರಸ್ತೆ ಅಂತ ಗೊತ್ತಾದ್ರೆ ಮಲಗಲ್ಲ."

ಅವನು ನಕ್ಕ. ನಕ್ಕಾಗ ಅವನ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚಿಕೊಳ್ಳುತ್ತಿತ್ತು. ಅದನ್ನೆಲ್ಲ ಗಮನಿಸುವ ಹೊತ್ತು ಅದಲ್ಲ, ಆದರೂ ಅವಳು ಗಮನಿಸಿದಳು. ಗಮನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಕೋಪ ಬಂತು.

ಲಂಗರು ಎತ್ತಿದರೆ ಅದಕ್ಕೆ ಸಿಕ್ಕಿಕೊಂಡು ಒಂದು ಸೈಕಲ್ಲು ಮೇಲೆ ಬಂತು. ಹ್ಯಾಂಡಲ್ಲು, ಸೀಟು, ಬೆಲ್ಲು ಎಲ್ಲ ಇತ್ತು, ಜೊತೆಗೆ ಊರಿನ ಕೆಸರೆಲ್ಲ ಇತ್ತು. ಅವನು ಗಂಭೀರವಾಗಿ ಅದರ ಬೆಲ್ಲು ಒತ್ತಿ ನೋಡಿ, ಇದು ನಿಮ್ಮದಾ ಎಂದು ಕೇಳಿದ. ನಗು ಗಂಟಲಿನ ತನಕ ಬಂದಿತ್ತು. ಸಿಡುಕಿ ಅದನ್ನು ನುಂಗಿಕೊಂಡು, ನನ್ನ ಹಿಂದೆ ಬನ್ನಿ ಎಂದಷ್ಟೇ ಹೇಳಿ ಲಾಂಚು ತಿರುಗಿಸಿದಳು.

ಅತಿಥಿಗಳ ಗೋಡೆ ತಲುಪಿದಾಗ ಹನ್ನೊಂದು ಗಂಟೆ, ನೀರು ಪೂರ್ತಿ ಉಬ್ಬರದಲ್ಲಿತ್ತು. ಗೋಡೆಯ ಅಂಚಿಗೆ ಮೊಳದಷ್ಟೇ ಕೆಳಗೆ ಅಲೆ ತಟ್ಟುತ್ತಿತ್ತು. ಅವಳು ಮೇಲೆ ಹತ್ತಿ ನಿಂತಳು, ಅವನು ಒಂದೊಂದೇ ಹಗ್ಗ ಎಸೆದ. ಮುಂದೆ ಒಂದು, ಹಿಂದೆ ಒಂದು, ನಡುವೆ ಎರಡು. ಎಲ್ಲಕ್ಕೂ ಧಾರಾಳವಾಗಿ ಸಡಿಲ ಬಿಟ್ಟು ಅವಳು ಗಂಟು ಹಾಕಿದಳು.

ಗಂಟು ಹಾಕುವಾಗ ಸಾಮಾನ್ಯವಾಗಿ ಬಂದವರು ಹಗ್ಗ ನೋಡುತ್ತಾರೆ, ಇಲ್ಲವೇ ಊರು ನೋಡುತ್ತಾರೆ. ಇವನು ಅವಳ ಕೈ ನೋಡುತ್ತಿದ್ದ. ಹಗ್ಗ ಉಜ್ಜಿ ಉಜ್ಜಿ ಒರಟಾದ ಅಂಗೈ, ಬೆರಳಿನ ಸಂದಿಯಲ್ಲಿ ಹೊಸದಾಗಿ ಬಿರಿದ ಚರ್ಮ.

"ಕೈ ನೋಯಲ್ವಾ ನಿಮಗೆ?" ಎಂದ.

ಮಾತಿನಲ್ಲಿ ತಮಾಷೆ ಇರಲಿಲ್ಲ. ಅವಳು ಎರಡೂ ಕೈ ಬೆನ್ನ ಹಿಂದೆ ಸರಿಸಿದಳು. ಅಷ್ಟರಲ್ಲಿ ರೇಡಿಯೊದಲ್ಲಿ ಇನ್ಯಾರೋ ಕರೆದರು. "ಹಗ್ಗ ಮುಟ್ಟಬೇಡಿ," ಎಂದು ಹೇಳಿ ಅವಳು ಲಾಂಚಿಗೆ ಹಾರಿದಳು. ಬಂದರಿನ ಆ ಕಡೆ ತಲುಪುವವರೆಗೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಸಂಜೆ ಐದರ ಹೊತ್ತಿಗೆ ಅತಿಥಿಗಳ ಗೋಡೆಯ ಕಡೆಯಿಂದ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಗೋಡೆಯ ಮೇಲೆ ಜನ ಸಾಲಾಗಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ನೀರು ಇಳಿದು ಎಲ್ಲೋ ಕೆಳಗೆ ಹೋಗಿತ್ತು. ಆ ಬಿಳಿ ದೋಣಿ ಮಾತ್ರ ಮೊಳೆಗೆ ತೂಗುಹಾಕಿದ ಚೀಲದ ಹಾಗೆ ಗೋಡೆಗೆ ನೇತಾಡುತ್ತಿತ್ತು. ಹಗ್ಗಗಳು ಬಿಗಿದು ಕಿರ್ರೆನ್ನುತ್ತಿದ್ದವು, ಪಕ್ಕದ ಹಲಗೆ ಕಲ್ಲಿಗೆ ಒತ್ತಿ ಸೀಳು ಬಿಟ್ಟಿತ್ತು.

ಸಿಡುಕಿ ಗಂಟು ನೋಡಿದಳು. ಅವಳ ಗಂಟಲ್ಲ. ಯಾರೋ ನಾಲ್ಕೂ ಹಗ್ಗ ಬಿಚ್ಚಿ, ಒಂದಿಷ್ಟೂ ಸಡಿಲವಿಲ್ಲದಂತೆ ಎಳೆದು ಬಿಗಿದಿದ್ದರು.

ಅವಳ ಕಣ್ಣೆದುರೇ ಹಿಂದಿನ ಹಗ್ಗ ಕಟ್ಟಿದ್ದ ಕಬ್ಬಿಣದ ಕೊಂಡಿ ಹಲಗೆಯ ಸಮೇತ ಕಿತ್ತು ಬಂತು. ಇನ್ನೆರಡು ನಿಮಿಷ ಬಿಟ್ಟರೆ ದೋಣಿ ಮಗುಚುತ್ತಿತ್ತು. ಅಷ್ಟು ಭಾರ ಬಿದ್ದ ಗಂಟನ್ನು ಯಾವ ದೇವರೂ ಬಿಚ್ಚಲಾರ. ಅವಳು ಸೊಂಟದ ಚಾಕು ತೆಗೆದು ಉಳಿದ ಹಗ್ಗಗಳನ್ನು ಒಂದಾದಮೇಲೊಂದು ಕತ್ತರಿಸಿದಳು. ದೋಣಿ ದೊಪ್ಪನೆ ನೀರಿಗೆ ಬಿದ್ದು, ಎರಡು ಸಲ ಹೊರಳಾಡಿ, ಸರಿಯಾಗಿ ತೇಲಿತು. ಬದುಕಿತು.

ಉಸಿರು ಬಿಟ್ಟು ತಿರುಗಿದರೆ ಎದುರಿಗೆ ಅವನು. ಎರಡೂ ಕೈಯಲ್ಲಿ ಪೇಟೆಯಿಂದ ತಂದ ಸಾಮಾನಿನ ಚೀಲ. ಅವನು ಅವಳ ಕೈಯ ಚಾಕು ನೋಡಿದ, ಕಿತ್ತು ಹೋದ ಕೊಂಡಿ ನೋಡಿದ, ಇಳಿದ ನೀರಿನ ಕಡೆ ನೋಡಲಿಲ್ಲ. ಈ ಸಲ ನಗಲಿಲ್ಲ.

"ನನ್ನ ಹಗ್ಗ ಕತ್ತರಿಸಿದ್ದು ನೀವಾ?"

ಮಗುವನ್ನು ಬಾವಿಯಿಂದ ಎತ್ತಿದವಳನ್ನೇ ನೂಕಿದವಳು ಎಂದರೆ ಏನು ಹೇಳುವುದು? ಅವಳು ಮಾತಾಡುವಷ್ಟರಲ್ಲಿ ಅವನು ಬಂದರಿನ ಆಫೀಸಿನ ಕಡೆ ನಡೆದಾಗಿತ್ತು.

ಮರುದಿನ ಬೆಳಿಗ್ಗೆ ಬಂದರಿನ ಸೂಪರಿಂಟೆಂಡೆಂಟರು ಅವಳನ್ನು ಕರೆಸಿದರು. ಮೇಜಿನ ಮೇಲೆ ಅವನ ದೂರು ಇತ್ತು. ದೋಣಿ ಕಟ್ಟಿದ್ದು ಸರಿಯಿರಲಿಲ್ಲ, ಆಮೇಲೆ ಹಗ್ಗವನ್ನೂ ಕತ್ತರಿಸಿದ್ದಾರೆ, ಎರಡೇ ಸಾಲು. ಸಿಡುಕಿ ಗಂಟು ತನ್ನದಲ್ಲ ಎಂದಳು. ಹಗ್ಗವನ್ನೇ ಕತ್ತರಿಸಿ ನೀರಿಗೆ ಹಾಕಿದ ಮೇಲೆ ಯಾವ ಗಂಟು ತೋರಿಸುತ್ತೀಯಮ್ಮ ಎಂದರು ಅವರು. ನಾಳೆ ಹನ್ನೊಂದಕ್ಕೆ ವಿಚಾರಣೆ. ತಪ್ಪು ಅವಳದೆಂದು ಸಾಬೀತಾದರೆ ಲಾಂಚು ಹೋಯಿತು, ಇನ್ನು ಉಗ್ರಾಣದಲ್ಲಿ ಕೂತು ಹಳೆಯ ಟಾರ್ಪಾಲು ಮಡಿಸುವುದು. ಅಲ್ಲಿಯವರೆಗೆ ಲಾಂಚಿನ ಬೀಗದ ಕೈ ಇಲ್ಲಿಡು ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಬೀಗದ ಕೈ ಮೇಜಿನ ಮೇಲಿಟ್ಟು ಹೊರಬಂದಳು. ಮದುವೆ ಬೇಡವೆಂದಿದ್ದಳು, ಬೇರೆ ಊರಿನ ದೊಡ್ಡ ಕೆಲಸ ಬೇಡವೆಂದಿದ್ದಳು, ಆ ಲಾಂಚು ಮಾತ್ರ ಬೇಕೆಂದಿದ್ದಳು. ಅದೊಂದು ಹೋದರೆ ತಾನು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಮುಖ ತೊಳೆದು ಮತ್ತೆ ಹೊರಟಳು. ಮನೆಯಲ್ಲಿದ್ದದ್ದು ಅವಳನ್ನು ಸಾಕಿದ ದೊಡ್ಡಮ್ಮ ಒಬ್ಬರೇ. ಎಲ್ಲಿಗೆ ಎಂದರು. ಆ ಮನುಷ್ಯನ ಗ್ರಹಚಾರ ಬಿಡಿಸೋಕೆ ಎಂದಳು.

"ಜಗಳಕ್ಕೆ ಹೋಗೋಳು ತಲೆ ಬಾಚ್ಕೊಂಡು ಹೋಗೋದನ್ನ ಇವತ್ತೇ ಕಣೇ ನಾನು ನೋಡಿದ್ದು," ಎಂದರು ದೊಡ್ಡಮ್ಮ.

ಅವಳು ಬಾಗಿಲು ಜೋರಾಗಿ ಎಳೆದುಕೊಂಡಳು.

ದೋಣಿಯನ್ನು ಬಂದರಿನವರು ರಾತ್ರಿಯೇ ನೀರಿನ ಜೊತೆ ಏರಿಳಿಯುವ ತೇಲುಕಟ್ಟೆಗೆ ಕಟ್ಟಿದ್ದರು, ಅವನು ಗೋಡೆಯ ಮೇಲೆ ಕೂತು ಅದರ ಸೀಳಿದ ಹಲಗೆಯನ್ನೇ ನೋಡುತ್ತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು. ಹಗ್ಗ ಬಿಗಿ ಮಾಡಿದ್ದು ಯಾರು ಎಂದು ಅವಳು ನೇರವಾಗಿ ಕೇಳಿದಳು.

"ನಾನೇ," ಎಂದ. "ನೀವು ತುಂಬಾ ಸಡಿಲ ಕಟ್ಟಿದ್ರಿ. ಅದರಲ್ಲೇನು?"

ಅದರಲ್ಲೇನು. ಅವನು ಬಚ್ಚಿಡುತ್ತಿರಲಿಲ್ಲ, ಸುಳ್ಳು ಹೇಳುತ್ತಿರಲಿಲ್ಲ. ಮನೆಯ ಚಿಲಕ ಸರಿಯಾಗಿ ಹಾಕಿದೆ ಎನ್ನುವ ಹಾಗೆ ಹೇಳುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು, ಅದರ ಜೊತೆಗೇ ಒಂದು ಅನುಮಾನವೂ ಬಂತು. ನಿಮ್ಮ ಊರಲ್ಲಿ ನೀರು ಎಷ್ಟು ಇಳಿಯುತ್ತೆ ಎಂದು ಕೇಳಿದಳು. ಅವನು ಹುಟ್ಟಿ ಬೆಳೆದದ್ದು, ದೋಣಿ ಕಲಿತದ್ದು ಎಲ್ಲ ಒಂದು ದೊಡ್ಡ ಸರೋವರದಲ್ಲಿ. ಅಲ್ಲಿಂದ ಕಾಲುವೆ ಹಿಡಿದು ಬಂದಿದ್ದ, ಇದು ಅವನ ಮೊದಲ ಕಡಲ ಬಂದರು. ಉಬ್ಬರ ಇಳಿತವೆಲ್ಲ ಪುಸ್ತಕದಲ್ಲಿ ಓದಿದ್ದ. ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ಇರಬಹುದು ಎಂದುಕೊಂಡಿದ್ದ. ಹಗ್ಗ ಸಡಿಲ ಬಿಟ್ಟವನು ಸೋಮಾರಿ ಎಂದು ಅವನ ಅಪ್ಪ ಕಿವಿ ಹಿಂಡಿ ಕಲಿಸಿದ್ದರಂತೆ.

ಸಿಡುಕಿ ಗಡಿಯಾರ ನೋಡಿದಳು. ಹನ್ನೆರಡಾಗುತ್ತಾ ಬಂದಿತ್ತು, ನೀರು ಗೋಡೆಯ ಅಂಚಿನಲ್ಲಿತ್ತು.

"ಇಲ್ಲೇ ಕೂತ್ಕೊಳ್ಳಿ. ಆರು ಗಂಟೆ ಹೊತ್ತು. ಎದ್ದರೆ ನೋಡಿ ಮತ್ತೆ."

ಅವನ ದೋಣಿಯ ಜೊತೆಗಿದ್ದ ರಬ್ಬರಿನ ಪುಟ್ಟ ತೆಪ್ಪವನ್ನು ಗೋಡೆಯ ಕಬ್ಬಿಣದ ಬಳೆಗೆ, ಅವನು ಕಟ್ಟಿದ ಹಾಗೆಯೇ, ಬಿಗಿಯಾಗಿ ಕಟ್ಟಿದಳು. ಕಟ್ಟಿ ಅವನಿಂದ ಎರಡು ಮಾರು ದೂರ ಕೂತಳು.

ಮೊದಲ ಗಂಟೆಯಲ್ಲಿ ಗೋಡೆಯ ಮೇಲೆ ನಾಲ್ಕು ಬೆರಳಷ್ಟು ಒದ್ದೆ ಕಾಣಿಸಿತು. ಅಷ್ಟೇ ತಾನೆ ಎನ್ನುವ ಹಾಗೆ ಅವನು ಅವಳ ಕಡೆ ನೋಡಿದ. ಅವಳು ಸಮುದ್ರದ ಕಡೆ ನೋಡಿದಳು. ಎರಡನೆಯ ಗಂಟೆಗೆ ತೆಪ್ಪದ ಮೂತಿ ಮೇಲೆದ್ದಿತು. ಮೂರನೆಯ ಗಂಟೆಗೆ ಅದು ನೆಟ್ಟಗೆ ನೇತುಬಿದ್ದು, ಒಳಗಿದ್ದ ಹುಟ್ಟುಗಳು ಜಾರಿ ಕೆಳಗೆಲ್ಲೋ ನೀರಿಗೆ ಬಿದ್ದವು. ಅವನು ಬಗ್ಗಿ ನೋಡಿದ. ಪಾಚಿ ಹಿಡಿದ ಗೋಡೆ ಕೆಳಗೆ ಕೆಳಗೆ ಇಳಿಯುತ್ತಲೇ ಇತ್ತು.

"ಇನ್ನೂ ಇಳಿಯುತ್ತಾ?"

"ಇದರಷ್ಟೇ ಇನ್ನೂ. ಒಟ್ಟು ಎರಡಾಳುದ್ದ ಇಳಿಯುತ್ತೆ."

ಅವನ ಮುಖದ ಬಣ್ಣವೇ ಹೋಯಿತು. ತಾನೇ ತನ್ನ ಕೈಯಾರೆ ದೋಣಿಯನ್ನು ನೇಣು ಹಾಕಿದೆ, ಉಳಿಸಿದವಳ ಮೇಲೆ ದೂರು ಬರೆದೆ ಎಂದು ಅವನೇ ಬಾಯಿಬಿಟ್ಟು ಹೇಳಿದ. ನೆಪ ಹೇಳಲಿಲ್ಲ. ನಾಳೆ ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ ಎಂದ. ದೋಣಿ ಅವನದಾಗಿರಲಿಲ್ಲ, ಯಜಮಾನರೊಬ್ಬರದು, ಅವರ ಬೇಸಿಗೆ ಮನೆಗೆ ಅದನ್ನು ತಲುಪಿಸುವುದು ಅವನ ಕೆಲಸವಾಗಿತ್ತು. ತಪ್ಪು ಅವನದೆಂದು ಕಾಗದದ ಮೇಲೆ ಬಂದರೆ ಆ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನೂ ಅವನು ಸುಮ್ಮನೆ ಹೇಳಿಬಿಟ್ಟ, ಕರುಣೆ ಕೇಳುವ ಹಾಗಲ್ಲ.

ಸಿಡುಕಿಯ ಕೋಪ ಅರ್ಧ ಇಳಿದಿತ್ತು. ಅಷ್ಟರಲ್ಲಿ ಅವನು, ಬೇರೆ ಕಡೆಯಿಂದ ಬರುವವರಿಗೆ ಇದು ಹೇಗೆ ಗೊತ್ತಾಗುತ್ತೆ ಎಂದು ಕೇಳಿದ.

ಅವಳು ಮುಖ ಸಮುದ್ರದ ಕಡೆ ತಿರುಗಿಸಿದಳು.

ಆ ಬಂದರಿನಲ್ಲಿ ನೀರಿನ ಮಾತು ಎಂದು ಒಂದು ಪದ್ಧತಿ ಇತ್ತು. ದೋಣಿ ಕಟ್ಟಿದವರು ಬಂದವರಿಗೆ ನೀರು ಎಷ್ಟು ಇಳಿಯುತ್ತದೆ, ಯಾವಾಗ ಇಳಿಯುತ್ತದೆ, ಹಗ್ಗ ಯಾಕೆ ಸಡಿಲ ಎಂದು ಹೇಳಬೇಕು. ಕೇಳಿದವರು ಅದನ್ನು ತಿರುಗಿ ಒಪ್ಪಿಸಬೇಕು. ಒಪ್ಪಿಸದೆ ಕಟ್ಟಿದವರು ಅಲ್ಲಿಂದ ಕದಲುವಂತಿಲ್ಲ. ಸಿಡುಕಿ ಅದನ್ನು ಮುದುಕರಿಂದಲೂ ಒಪ್ಪಿಸಿಕೊಂಡಿದ್ದಳು, ಬೈದವರಿಂದಲೂ ಒಪ್ಪಿಸಿಕೊಂಡಿದ್ದಳು. ಇವನಿಗೆ ಹೇಳಿರಲಿಲ್ಲ. ಹಗ್ಗ ಮುಟ್ಟಬೇಡಿ ಎಂದು ಎರಡು ಮಾತು ಎಸೆದು ಓಡಿ ಬಂದಿದ್ದಳು.

"ಹೇಗೋ ಗೊತ್ತಾಗುತ್ತೆ," ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಈಗ ಅವಳೇ ಇಟ್ಟಿದ್ದಳು.

ತೆಪ್ಪ ಬಿಚ್ಚಿದ್ದಾಯಿತು. ಪಾಠ ಮುಗಿದಿತ್ತು, ಇನ್ನು ಏಳಬಹುದು ಎಂದಳು. ಅವನು ಏಳಲಿಲ್ಲ.

"ಆರು ಗಂಟೆ ಅಂದಿದ್ರಿ. ಇನ್ನೂ ಮೂರು ಬಾಕಿ ಇದೆ."

ಉಳಿದ ಮೂರು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ನಡುವಿನ ಎರಡು ಮಾರು ದೂರ ಒಂದು ಮಾರಾಯಿತು, ಆಮೇಲೆ ಮೊಳವಾಯಿತು. ಯಾರು ಸರಿದರು ಎಂದು ಕೇಳಿದರೆ ಇಬ್ಬರೂ ಆಣೆ ಹಾಕಿ ಇಲ್ಲ ಎನ್ನುತ್ತಿದ್ದರು. ಅವನು ತನ್ನ ಸರೋವರದ ಬಗ್ಗೆ ಹೇಳಿದ, ಅಲ್ಲಿ ನೀರು ಯಾವಾಗಲೂ ಇದ್ದಲ್ಲೇ ಇರುತ್ತಿತ್ತಂತೆ, ಅದು ಬೇಜಾರಾಗಿಯೇ ಹೊರಟು ಬಂದನಂತೆ. ಅವಳು ನೆಟ್ಟಗೆ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಒಂದು ಸಲ ನಕ್ಕೂಬಿಟ್ಟಳು. ಅವನು ಆ ನಗುವನ್ನು ಮಾತಿಲ್ಲದೆ ನೋಡಿದ, ಪೂರ್ತಿ ಮುಗಿಯುವವರೆಗೂ ನೋಡಿದ. ಏನು ಹಾಗೆ ನೋಡ್ತೀರಾ ಎಂದು ಅವಳು ಗದರಿದಳು. ನೀವು ತಾನೆ ಕೂತು ನೋಡು ಅಂದಿದ್ದು ಎಂದ ಅವನು.

ಅಷ್ಟು ಹೊತ್ತೂ ಆ ಹೇಳದ ಮಾತನ್ನು ಅವಳು ಮರೆತಿರಲಿಲ್ಲ. ಅವನು ತಪ್ಪು ಒಪ್ಪಿಕೊಂಡರೆ ಲಾಂಚು ಉಳಿಯುತ್ತದೆ. ನೀರಿನ ಮಾತಿನ ವಿಷಯ ಯಾರೂ ಎತ್ತದಿದ್ದರೆ ಸಾಕು. ಎತ್ತುವವರು ಯಾರು?

ಮರುದಿನ ವಿಚಾರಣೆ ಹನ್ನೊಂದಕ್ಕೆ ಸರಿಯಾಗಿ ಶುರುವಾಯಿತು. ಸೂಪರಿಂಟೆಂಡೆಂಟರು ಮೇಜಿನ ಆ ಕಡೆ, ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಗುಮಾಸ್ತ, ಎದುರಿಗೆ ಎರಡು ಕುರ್ಚಿ. ಅವನು ಶರ್ಟಿಗೆ ಇಸ್ತ್ರಿ ಮಾಡಿಕೊಂಡು ಬಂದಿದ್ದ. ಹಗ್ಗ ಬಿಗಿ ಮಾಡಿದ್ದು ನಾನು, ದೂರು ವಾಪಸು ತಗೊಳ್ತೀನಿ, ಅವರು ಹಗ್ಗ ಕತ್ತರಿಸದಿದ್ದರೆ ದೋಣಿಯೇ ಇರುತ್ತಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಗುಮಾಸ್ತ ಟಕಟಕ ಬಡಿದ. ಸಿಡುಕಿಗೆ ಉಸಿರು ಬಂದ ಹಾಗಾಯಿತು.

ಸೂಪರಿಂಟೆಂಡೆಂಟರು ಕಾಗದದಿಂದ ತಲೆ ಎತ್ತಲಿಲ್ಲ. ಕೊನೆಯದಾಗಿ ಎನ್ನುವ ಹಾಗೆ, "ಇವರು ನಿಮಗೆ ನೀರಿನ ಮಾತು ಹೇಳಿದ್ರು ತಾನೆ? ಎಷ್ಟು ಇಳಿಯುತ್ತೆ, ಹಗ್ಗ ಯಾಕೆ ಸಡಿಲ, ಎಲ್ಲ? ಅದನ್ನ ಹೇಳದೆ ಬಿಟ್ಟರೆ ತಪ್ಪು ಕಟ್ಟಿದವರದ್ದೇ ಆಗುತ್ತೆ," ಎಂದರು.

ಅವನು ಅವಳ ಕಡೆ ತಿರುಗಿದ. ಒಂದೇ ಕ್ಷಣ. ಅವಳ ಮುಖದಲ್ಲಿ ಏನು ಕಂಡಿತೋ, ಅವನಿಗೆ ಎಲ್ಲ ಅರ್ಥವಾಗಿಹೋಯಿತು.

"ಹೇಳಿದ್ರು," ಎಂದ. "ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಗುಮಾಸ್ತ ಬಡಿಯತೊಡಗಿದ. ಎರಡು ಸಾಲು, ಅಷ್ಟರಲ್ಲಿ ಲಾಂಚು ಅವಳದಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಆದರೆ ಸಿಡುಕಿಗೆ ಸಿಟ್ಟು ಬಂತು. ಹನ್ನೆರಡು ವರ್ಷ ಯಾರ ಹಂಗೂ ಇಲ್ಲದೆ ದುಡಿದವಳಿಗೆ ಇವನು ಸುಳ್ಳಿನ ಭಿಕ್ಷೆ ಹಾಕುತ್ತಿದ್ದಾನೆ, ಅದೂ ತನ್ನ ಅನ್ನ ಕಳೆದುಕೊಂಡು. ಅವಳು ಎದ್ದು ನಿಂತಳು.

"ಸುಳ್ಳು. ನಾನು ಹೇಳಲಿಲ್ಲ."

ಗುಮಾಸ್ತನ ಬೆರಳು ನಿಂತವು. ಕೂತ್ಕೊಳ್ಳಮ್ಮ ಎಂದರು ಸೂಪರಿಂಟೆಂಡೆಂಟರು. ಕೂರುವುದಿಲ್ಲ ಎಂದಳು. ಅವನ ಕಡೆ ತಿರುಗಿ, ನನಗೋಸ್ಕರ ಸುಳ್ಳು ಹೇಳುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಕೇಳಿದಳು. ಉಪ್ಪು ತಿಂದವಳು ನಾನು, ನೀರು ನಾನೇ ಕುಡಿಯುತ್ತೇನೆ ಎಂದಳು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಒಬ್ಬರಿಗೂ ತಪ್ಪಿಸದವಳು ಇವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವರ ದನಿಯಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

"ಇವರು ನನ್ನ ಕೈ ನೋಡಿ, ನೋಯಲ್ವಾ ಅಂತ ಕೇಳಿದ್ರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನನಗೆ ನೀರು, ಹಗ್ಗ ಎಲ್ಲ ಮರೆತೇ ಹೋಯ್ತು. ಎರಡು ದಿನದಿಂದ ಇವರ ಮೇಲೆ ಸಿಟ್ಟಿರೋದೂ ಅದಕ್ಕೇ. ಇವರು ನನಗೆ ಇಷ್ಟ. ಸಾಕಾ ಕಾರಣ? ಬರ್ಕೊಳ್ಳಿ."

ಗುಮಾಸ್ತ ಮೆಲ್ಲಗೆ, ಇದನ್ನೂ ಬರೀಬೇಕಾ ಸರ್ ಎಂದು ಕೇಳಿದ. ಹೇಳಿಕೆ ಅಂದಮೇಲೆ ಹೇಳಿಕೆ, ಬರಿ ಎಂದರು ಸೂಪರಿಂಟೆಂಡೆಂಟರು. ಆಮೇಲೆ ಅವನ ಕಡೆ ತಿರುಗಿ, ನಿಮ್ಮ ಹೇಳಿಕೆಯಲ್ಲಿ ಬದಲಾವಣೆ ಏನಾದರೂ ಇದೆಯೇ ಎಂದರು.

ಅವನ ಕುತ್ತಿಗೆಯೆಲ್ಲ ಕೆಂಪಾಗಿತ್ತು.

"ಇದೆ. ಅವರು ಹೇಳಲಿಲ್ಲ, ನಾನೇ ಸುಳ್ಳು ಹೇಳಿದೆ. ಕಾರಣ ಅವರದ್ದೇ ಕಾರಣ ಅಂತ ಬರ್ಕೊಳ್ಳಿ."

ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಪ್ಪು ಇಬ್ಬರದೂ ಎಂದಾಯಿತು. ಅವಳಿಗೆ ಎರಡು ತಿಂಗಳು ಲಾಂಚಿಲ್ಲ, ಟಾರ್ಪಾಲು ಮಡಿಸಬೇಕು, ಆಮೇಲೆ ಲಾಂಚು ಮತ್ತೆ ಅವಳದೇ. ಅವನ ಯಜಮಾನರಿಗೆ ವರದಿಯ ಪ್ರತಿ ಹೋಗುತ್ತದೆ. ಹೊರಗೆ ಮೆಟ್ಟಿಲಿನ ಮೇಲೆ ನಿಂತು ಅವನು ಯಜಮಾನರಿಗೆ ತಾನೇ ಫೋನು ಮಾಡಿ ಎಲ್ಲ ಹೇಳಿದ. ಆ ಕಡೆಯ ದನಿ ನಾಲ್ಕು ಮೆಟ್ಟಿಲು ಕೆಳಗೆ ನಿಂತ ಅವಳಿಗೂ ಕೇಳಿಸಿತು. ಬೇರೆಯವನನ್ನು ಕಳಿಸುತ್ತಾರಂತೆ ಎಂದು ಹೇಳಿ ಫೋನು ಜೇಬಿಗೆ ಹಾಕಿಕೊಂಡ.

ಅವಳಿಗೆ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಈಗ ಏನು ಮಾಡ್ತೀರಾ ಎಂದು ಬೈಯುವ ಹಾಗೆಯೇ ಕೇಳಿದಳು. ಈ ನೀರು ಪೂರ್ತಿ ಅರ್ಥ ಆಗುವವರೆಗೆ ಇಲ್ಲೇ ಇರುತ್ತೇನೆ, ನನಗೆ ಕಲಿಯುವುದು ಸ್ವಲ್ಪ ನಿಧಾನ ಎಂದ ಅವನು. ಎಷ್ಟು ನಿಧಾನ ಎಂದಳು. ತುಂಬಾ ಎಂದ.

ಅಷ್ಟರಲ್ಲಿ ಗುಮಾಸ್ತ ಕಾಗದ ಹಿಡಿದು ಓಡಿ ಬಂದ. ಇಬ್ಬರೂ ಸಹಿ ಹಾಕದೇ ಬಂದಿದ್ದರು. ಬರೆಯಲು ಮೇಜಿರಲಿಲ್ಲ, ದೋಣಿಯವನೇ ತಿರುಗಿ ಬೆನ್ನು ಬಗ್ಗಿಸಿ ನಿಂತ. ಅವಳು ಕಾಗದವನ್ನು ಅವನ ಬೆನ್ನ ಮೇಲೆ ಹರಡಿದಳು. ಇಸ್ತ್ರಿ ಮಾಡಿದ ಶರ್ಟು, ಒಳಗೆ ಬೆಚ್ಚಗಿನ ಬೆನ್ನು. ಓದದೆ ಸಹಿ ಹಾಕುವ ಅಭ್ಯಾಸ ಅವಳಿಗಿರಲಿಲ್ಲ, ಮೊದಲಿಂದ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಹುಬ್ಬು ಮೇಲೇರಿತು.

"ಇದೇನ್ರೀ ಇದು? 'ಸದರಿ ವ್ಯಕ್ತಿಯ ಬಗ್ಗೆ ಸದಭಿಪ್ರಾಯ ಹೊಂದಿರುತ್ತಾರೆ'?"

ಆಫೀಸಿನ ಭಾಷೆ ಹಾಗೇ ಅಕ್ಕ ಎಂದ ಗುಮಾಸ್ತ.

"ನಾನು ಹಾಗೆ ಹೇಳಲಿಲ್ಲ. ಹೇಳಿದ್ದನ್ನ ಬರೀರಿ ಅಂದ್ರೆ ಬರಿಯೋಕೆ ಏನ್ ಕಷ್ಟ ನಿಮಗೆ? ಕೊಡಿ ಇಲ್ಲಿ ಪೆನ್ನು."

ಆ ಸಾಲನ್ನು ಅವಳು ಪೂರ್ತಿ ಹೊಡೆದುಹಾಕಿದಳು. ಅದರ ಮೇಲೆ ದೊಡ್ಡದಾಗಿ, ಒತ್ತಿ ಒತ್ತಿ, ಇಷ್ಟ ಎಂದು ಬರೆದಳು. ಕೆಳಗೆ ಬಗ್ಗಿ ನಿಂತವನ ಬೆನ್ನು ಮೆಲ್ಲಗೆ ಅಲುಗುತ್ತಿತ್ತು, ಅವನು ನಗುತ್ತಿದ್ದ. ಅಲುಗಾಡಬೇಡಿ ಎಂದು ಗದರಿ, ಅವಳು ಆ ಅಕ್ಷರದ ಕೆಳಗೆ ಸಹಿ ಹಾಕಿದಳು.